ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಯಾರು?

ನಿನ್ನ ಪತ್ರವನ್ನು ಮೇಡಂ ಅಂತ ಶುರು ಮಾಡಿ ಕೊನೆಗೆ ಅಕ್ಕ ಅಂದಿದ್ದೀಯ. ಅಕ್ಕನೇ ಇರಲಿ, ಮಾತಾಡುವುದು ಸುಲಭ.

ಮೊದಲು ಅಭಿನಂದನೆ. ಊರಲ್ಲಿ ಪಶುವೈದ್ಯೆಯ ಡ್ಯೂಟಿ ಮಾಡಿಕೊಂಡೇ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್ ಮುಗಿಸಿ, ಬ್ರಿಟನ್ನಿನಲ್ಲಿ ಪಶುವೈದ್ಯರನ್ನು ನೋಂದಾಯಿಸುವ ರಾಯಲ್ ಕಾಲೇಜಿನ ಪರೀಕ್ಷೆಯನ್ನೂ ಪಾಸು ಮಾಡುವುದು ಸಣ್ಣ ಮಾತಲ್ಲ. ಈಗ ನಿನ್ನ ಕೈಲಿ ಎರಡು ಆಫರ್ ಇವೆ. ಒಂದು ಬರ್ಮಿಂಗ್‌ಹ್ಯಾಮ್ ಹತ್ತಿರ ದೊಡ್ಡ ಕಂಪನಿಯೊಂದರ ನಾಯಿ-ಬೆಕ್ಕಿನ ಆಸ್ಪತ್ರೆ, ಸಂಬಳ ಜಾಸ್ತಿ. ಇನ್ನೊಂದು ವೇಲ್ಸ್‌ನ ಕಾರ್ಮಾರ್ಥನ್‌ಶೈರ್‌ನ ಸಣ್ಣ ಊರಿನಲ್ಲಿ ದನ, ಕುರಿ, ನಾಯಿ ಎಲ್ಲವನ್ನೂ ನೋಡುವ ಪ್ರಾಕ್ಟೀಸ್, ಅಂದರೆ ಖಾಸಗಿ ಪಶು ಚಿಕಿತ್ಸಾಲಯ, ಸಂಬಳ ಕಡಿಮೆ. ಯಾವುದಕ್ಕೆ ಹೂಂ ಅನ್ನಲಿ, ಅಲ್ಲಿನ ರೈತರು ನನ್ನನ್ನು ಒಪ್ಪುತ್ತಾರಾ, ಒಬ್ಬಳೇ ಹೇಗಿರಲಿ ಅಂತ ಕೇಳಿದ್ದೀಯ.

ಸಂಬಳವನ್ನು ಸ್ವಲ್ಪ ಪಕ್ಕಕ್ಕಿಡು. ಎರಡೂ ಕಡೆಯವರಿಗೆ ಒಂದೇ ಪ್ರಶ್ನೆ ಕೇಳು. ರಾತ್ರಿ ಎರಡು ಗಂಟೆಗೆ ನನ್ನ ಕೈಲಾಗದ ಕೇಸ್ ಬಂದರೆ ನಾನು ಯಾರಿಗೆ ಫೋನ್ ಮಾಡಬೇಕು? ಅವರ ಮನೆ ಎಷ್ಟು ದೂರ? ಫೋನಿನಲ್ಲೇ ಹೇಳಿ ಮುಗಿಸುತ್ತಾರಾ, ಎದ್ದು ಬರುತ್ತಾರಾ? 'ನಮ್ಮ ಟೀಮ್ ತುಂಬಾ ಸಪೋರ್ಟಿವ್' ಅಂದರೆ ಅದು ಉತ್ತರ ಅಲ್ಲ. 'ಮೊದಲ ಆರು ತಿಂಗಳು ನಿನ್ನ ಜೊತೆ ಇಂಥವರು ಸೆಕೆಂಡ್ ಆನ್-ಕಾಲ್, ಅಂದರೆ ಕರೆದರೆ ಬರುವ ಎರಡನೇ ಡಾಕ್ಟರ್ ಆಗಿ ಇರುತ್ತಾರೆ, ಅವರ ಮನೆ ಇಪ್ಪತ್ತು ನಿಮಿಷದ ದಾರಿ' ಅಂದರೆ ಅದು ಉತ್ತರ. ಇನ್ನೊಂದು ಕೆಲಸ ಮಾಡು. ಅಲ್ಲಿ ಈಗ ಕೆಲಸದಲ್ಲಿರುವ ಅತಿ ಕಿರಿಯ ಡಾಕ್ಟರ್ ಜೊತೆ, ಬಾಸ್ ಪಕ್ಕದಲ್ಲಿ ಇಲ್ಲದಾಗ, ಹತ್ತು ನಿಮಿಷ ಮಾತಾಡು. ಅದಕ್ಕೂ ಒಪ್ಪದಿದ್ದರೆ ಆ ಜಾಗ ಬೇಡ.

ಇದನ್ನೇ ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಇಲ್ಲಿ 24 ಗಂಟೆಯೂ ತುರ್ತು ಚಿಕಿತ್ಸೆಗೆ ವ್ಯವಸ್ಥೆ ಇರಲೇಬೇಕು ಅಂತ ರಾಯಲ್ ಕಾಲೇಜಿನ ನಿಯಮ ಇದೆ. ನಗರಗಳಲ್ಲಿ ಬಹಳಷ್ಟು ಪ್ರಾಕ್ಟೀಸ್‌ಗಳು ರಾತ್ರಿ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಬಾಗಿಲು ಹಾಕುತ್ತವೆ. ಹಳ್ಳಿ ಕಡೆ ಅದು ನಡೆಯುವುದಿಲ್ಲ. ಪಾಳಿ ಹಾಕಿಕೊಂಡು ನೀವೇ ಹೋಗಬೇಕು. ಗರ್ಭಕೋಶ ತಿರುಚಿಕೊಂಡ ಹಸು, ಮಳೆ, ಹೆಡ್‌ಲೈಟ್ ಬೆಳಕು, ಪಕ್ಕದಲ್ಲಿ ಮಾತೇ ಆಡದ ರೈತ. ಊರಲ್ಲಿ ಇಂಥದ್ದನ್ನು ನೀನು ಮಾಡಿರುತ್ತೀಯ. ಆದರೆ ಅಲ್ಲಿ ಸುತ್ತ ಹತ್ತು ಜನ ಇರುತ್ತಾರೆ, ಹಗ್ಗ ಹಿಡಿಯಲು ನಾಲ್ವರು, ಸಲಹೆ ಕೊಡಲು ಆರು ಜನ. ಇಲ್ಲಿ ನೀನು ಮತ್ತು ರೈತ, ಅಷ್ಟೇ.

ಇನ್ನೊಂದು ಕಾರಣ ವೀಸಾ. ಸ್ಕಿಲ್ಡ್ ವರ್ಕರ್ ವೀಸಾ ನಿನ್ನನ್ನು ಕರೆಸಿಕೊಂಡವರಿಗೇ ಅಂಟಿಕೊಂಡಿರುತ್ತದೆ. ಕೆಲಸ ಬಿಟ್ಟರೆ ಬೇರೆ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ 60 ದಿನ. ಇಲ್ಲಿಯ ಹುಡುಗಿ ಸರಿಹೋಗಲಿಲ್ಲ ಅಂದರೆ ಮುಂದಿನ ತಿಂಗಳು ಬೇರೆ ಕಡೆ ಸೇರುತ್ತಾಳೆ. ನಿನಗೆ ಅದು ಅಷ್ಟು ಸಲೀಸಲ್ಲ. ಹಾಗಾಗಿ ಬರುವ ಮೊದಲೇ ಜಗ್ಗಿ ಕೇಳು.

ದೊಡ್ಡ ಕಂಪನಿ ಅಂದ ಮಾತ್ರಕ್ಕೆ ಹೆದರಬೇಡ. 1999ರಲ್ಲಿ ನಿಯಮ ಸಡಿಲವಾದ ಮೇಲೆ ವೆಟ್, ಅಂದರೆ ಪಶುವೈದ್ಯ, ಅಲ್ಲದವರೂ ಪ್ರಾಕ್ಟೀಸ್ ಕೊಳ್ಳಬಹುದಾಯಿತು. ಇಲ್ಲಿಯ ಸ್ಪರ್ಧಾ ಪ್ರಾಧಿಕಾರ ಸಿಎಂಎ ಹೇಳುವ ಪ್ರಕಾರ 2013ರಲ್ಲಿ ಶೇ 10ರಷ್ಟು ಪ್ರಾಕ್ಟೀಸ್‌ಗಳು ದೊಡ್ಡ ಗುಂಪುಗಳ ಕೈಲಿದ್ದವು, ಈಗ ಶೇ 60ರ ಆಸುಪಾಸು. ಕೆಲವು ಗುಂಪುಗಳಲ್ಲಿ ಹೊಸಬರಿಗೆ ಒಳ್ಳೆ ತರಬೇತಿ ಇದೆ. ಕೆಲವು ಸ್ವತಂತ್ರ ಪ್ರಾಕ್ಟೀಸ್‌ಗಳಲ್ಲಿ ಮಾಲೀಕರು 'ನಾವೆಲ್ಲ ಹೀಗೇ ಕಲಿತದ್ದು' ಅಂತ ನಿನ್ನನ್ನು ನೀರಿಗೆ ತಳ್ಳುತ್ತಾರೆ. ಬೋರ್ಡ್ ಮೇಲಿನ ಹೆಸರಿಗಿಂತ ಒಳಗಿರುವ ಆ ಒಬ್ಬ ಸೀನಿಯರ್ ಮುಖ್ಯ.

ನನ್ನ ಅಭಿಪ್ರಾಯ ಕೇಳಿದೆ ಅಲ್ವಾ? ವೇಲ್ಸ್‌ನವರ ಉತ್ತರ ಸರಿಯಾಗಿದ್ದರೆ ವೇಲ್ಸ್. ನಿನ್ನ ಕೈ ದನದ ಕೆಲಸದಲ್ಲಿ ಪಳಗಿದೆ. ಗೊತ್ತಿರುವ ಕೆಲಸದ ಆಸರೆಯಲ್ಲಿ ಹೊಸ ಜಾಗ ಕಲಿಯಬಹುದು. ಎರಡನ್ನೂ ಒಟ್ಟಿಗೆ ಕಲಿಯುವುದು ತಲೆನೋವು.

ಈಗ ರೈತರ ವಿಷಯ. ನಾನಿರುವ ಇಂಗ್ಲೆಂಡಿನ ಡೆವನ್‌ನಲ್ಲೂ ನೀನು ಹೋಗುವ ವೇಲ್ಸ್‌ನಲ್ಲೂ ದನಗಳ ಕ್ಷಯ, ಅಂದರೆ ಟಿಬಿ, ದೊಡ್ಡ ತಲೆನೋವು. ವರ್ಷಕ್ಕೊಮ್ಮೆಯಾದರೂ ಇಡೀ ಹಿಂಡಿಗೆ ಪರೀಕ್ಷೆ ಆಗಬೇಕು. ಅದಕ್ಕೆ ಪ್ರತ್ಯೇಕ ತರಬೇತಿ ಪಡೆದು ಸರ್ಕಾರದ ಪರವಾಗಿ ಕೆಲಸ ಮಾಡುವ ಅಫಿಷಿಯಲ್ ವೆಟ್ ಆಗಬೇಕು. ಸೀನಿಯರ್‌ಗಳಿಗೆ ಈ ಕೆಲಸ ಅಂದರೆ ಬೇಜಾರು, ಹೊಸಬರ ತಲೆಗೆ ಕಟ್ಟುತ್ತಾರೆ. ನೀನು ಖುಷಿಯಿಂದ ತಗೋ.

ಕೆಲಸ ಹೀಗೆ. ದನ ಅಲುಗಾಡದಂತೆ ನಿಲ್ಲಿಸುವ, ನಮ್ಮ ಟ್ರೆವಿಸ್ ಥರದ ಕಬ್ಬಿಣದ ಕ್ರಷ್‌ಗೆ ಒಂದೊಂದೇ ಹಸು ಬರುತ್ತದೆ. ಕತ್ತಿನ ಮೇಲೆ ಎರಡು ಕಡೆ ಕೂದಲು ಕತ್ತರಿಸಿ, ಚರ್ಮ ಮಡಚಿ, ಕ್ಯಾಲಿಪರ್‌ನಲ್ಲಿ ದಪ್ಪ ಅಳೆಯುತ್ತೀಯ. ಆಮೇಲೆ ಟ್ಯುಬರ್ಕುಲಿನ್ ಅನ್ನುವ ಪರೀಕ್ಷಾ ದ್ರವ ಚುಚ್ಚುತ್ತೀಯ: ಮೇಲೆ ಏವಿಯನ್ (ಹಕ್ಕಿ ಕ್ಷಯದ್ದು), ಕೆಳಗೆ ಬೋವೈನ್ (ದನದ ಕ್ಷಯದ್ದು). ಅಂಕಿ ಕೂಗುತ್ತೀಯ, ರೈತನ ಮಗಳೋ ಹೆಂಡತಿಯೋ ಕಿವಿಯೋಲೆ ನಂಬರಿನ ಎದುರು ಬರೆದುಕೊಳ್ಳುತ್ತಾಳೆ. 72 ಗಂಟೆ ಕಳೆದು ಮತ್ತೆ ಹೋಗಿ ಅದೇ ಕತ್ತುಗಳನ್ನು ಮುಟ್ಟಿ ನೋಡಬೇಕು. ಕೆಳಗಿನ ಗಂಟು ಮೇಲಿನದಕ್ಕಿಂತ 4 ಮಿಲಿಮೀಟರ್‌ಗೂ ಜಾಸ್ತಿ ಊದಿದ್ದರೆ ಆ ಹಸು ರಿಯಾಕ್ಟರ್, ಅಂದರೆ ಟಿಬಿ ಇದೆ ಅಂತ ಲೆಕ್ಕ. ಹಸು ಕಸಾಯಿಖಾನೆಗೆ, ಹಿಂಡಿನ ಸಾಗಾಟ ಬಂದ್.

ನೂರಿನ್ನೂರು ಹಸು ಅಂದರೆ ಅರ್ಧ ದಿನ. ಚಳಿಯಲ್ಲಿ ಅಕ್ಕಪಕ್ಕ ನಿಂತಿರುತ್ತೀರಿ. ಮಾತು ಬಂದೇ ಬರುತ್ತದೆ: ಹಾಲಿನ ದರ, ಮಗ ಊರು ಬಿಟ್ಟಿದ್ದು, ನಿಮ್ಮೂರಲ್ಲಿ ಎಮ್ಮೆ ಹಾಲು ಕುಡಿಯುತ್ತಾರಂತೆ ಹೌದಾ. ಮೂರು ದಿನಕ್ಕೆ ಮತ್ತೆ ಅದೇ ಮನೆ, ಅದೇ ಜನ. ಈ ಎರಡನೇ ದಿನ ಬಹಳ ಮುಖ್ಯ. ನಿನ್ನ ಬೆರಳು ಒಂದು ಕತ್ತಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತರೂ ರೈತನಿಗೆ ಗೊತ್ತಾಗುತ್ತದೆ. ಆಗ ಮಾತು ನಿಲ್ಲುತ್ತದೆ. ಕ್ಯಾಲಿಪರ್ ಇಟ್ಟು, ಮತ್ತೊಮ್ಮೆ ಇಟ್ಟು, ಇರುವ ಅಂಕಿಯನ್ನು ಇದ್ದ ಹಾಗೆ ಹೇಳು. ಸಮಾಧಾನದ ಮಾತು ಆಮೇಲೆ. ಕೆಟ್ಟ ಸುದ್ದಿಯನ್ನು ನೇರವಾಗಿ ಹೇಳಿ, ತಕ್ಷಣ ಕಾರು ಹತ್ತದೆ ಅಲ್ಲೇ ನಿಂತು ಮುಂದೇನು ಅಂತ ವಿವರಿಸಿದ ಡಾಕ್ಟರನ್ನು ಇವರು ಮರೆಯುವುದಿಲ್ಲ. ಮುಂದಿನ ಸಲ ರಾತ್ರಿ ಕರು ಸಿಕ್ಕಿಹಾಕಿಕೊಂಡಾಗ 'ಬೇರೆ ಯಾರಾದರೂ ಇದ್ದಾರಾ' ಅಂತ ಕೇಳುವುದಿಲ್ಲ.

ಮೊದಮೊದಲು ಹಾಗೆ ಕೇಳುವವರು ಇದ್ದೇ ಇರುತ್ತಾರೆ. ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಫೋನ್ ತೆಗೆದು ಪ್ರಾಕ್ಟೀಸ್‌ಗೆ ಹಚ್ಚಿದ್ದ. ಬಣ್ಣಕ್ಕೋ, ಹೆಣ್ಣು ಅಂತಲೋ, ಹೊಸಬಳು ಅಂತಲೋ, ಅದನ್ನು ಬಿಡಿಸಿ ನೋಡುತ್ತಾ ಕೂರಬೇಡ. ಆದರೆ ಅವಮಾನದ ಮಾತಾಡಿದರೆ ಬಾಸ್‌ಗೆ ಅವತ್ತೇ ಹೇಳು, ನುಂಗಬೇಡ. ವೇಲ್ಸ್‌ನಲ್ಲಿ ಅವರವರೇ ವೆಲ್ಷ್‌ನಲ್ಲಿ ಮಾತಾಡಿಕೊಳ್ಳುತ್ತಾರೆ. ನನ್ನ ಬಗ್ಗೆಯೇ ಇರಬೇಕು ಅಂದುಕೊಳ್ಳಬೇಡ. ಕರುವಿನ ರೇಟ್ ಮಾತಾಡುತ್ತಿರುತ್ತಾರೆ. ಮತ್ತೆ ಇವರು ಯಾವುದನ್ನೂ ದೊಡ್ಡದು ಮಾಡಿ ಹೇಳುವ ಜನ ಅಲ್ಲ. 'ಹಸು ಯಾಕೋ ಸ್ವಲ್ಪ ಸಪ್ಪಗಿದೆ' ಅಂತ ಫೋನ್ ಬಂದರೆ ಚಹಾ ಅಲ್ಲೇ ಬಿಟ್ಟು ಗಾಡಿ ತೆಗೆ.

ಔಷಧದಲ್ಲಿ ಕೈ ತಿದ್ದಿಕೊಳ್ಳಬೇಕು. ನಮ್ಮಲ್ಲಿ ಕೆಚ್ಚಲು ಬಾವು ಅಂದರೆ ಸೆಫ್ಟ್ರಿಯಾಕ್ಸೋನ್, ಎನ್ರೋಫ್ಲಾಕ್ಸಸಿನ್ ಥರದ ಆ್ಯಂಟಿಬಯೋಟಿಕ್ ಸಲೀಸಾಗಿ ಕೈಗೆ ಬರುತ್ತವೆ. ಇಲ್ಲಿ ಆ ಗುಂಪಿನವು ಕೊನೆಯ ಅಸ್ತ್ರ, ಯಾಕೆ ಬಳಸಿದೆ ಅಂತ ಉತ್ತರ ಕೊಡಬೇಕಾಗುತ್ತದೆ. ಹಸುವಿಗೆ ಮರಗಟ್ಟಿಸಲು ಸಾಮಾನ್ಯವಾಗಿ ಪ್ರೊಕೇನ್, ಲಿಗ್ನೋಕೇನ್ ಅಲ್ಲ. ಯಾವ ಔಷಧಕ್ಕೆ ಎಷ್ಟು ದಿನ ಹಾಲನ್ನು ಮಾರದೆ ಬಿಡಬೇಕು, ಮಾಂಸಕ್ಕೆ ಎಷ್ಟು ದಿನ ಅನ್ನುವುದನ್ನು ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಬೇಕು. ಒಂದು ಹಸುವಿನ ಹಾಲು ತಪ್ಪಿ ಟ್ಯಾಂಕಿಗೆ ಹೋದರೆ ಇಡೀ ಟ್ಯಾಂಕ್ ಚೆಲ್ಲಬೇಕು.

ದಯಾಮರಣದ ವಿಷಯ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆಯಿಂದ ಬಂದವರಿಗೆ ಅತಿ ಕಷ್ಟವಾಗುವುದು ಇದೇ. ಊರಲ್ಲಿ ಏಳಲಾರದ ಹಸುವಿಗೆ ಕ್ಯಾಲ್ಸಿಯಂ, ರಂಜಕ ಕೊಟ್ಟು, ಮಗ್ಗುಲು ಬದಲಿಸಿ, ದಿನಗಟ್ಟಲೆ ಕಾಯುತ್ತೇವೆ. ಇಲ್ಲಿ ಏಳುವುದಿಲ್ಲ ಅಂತ ಗೊತ್ತಾದರೆ ಅವತ್ತೇ ತೀರ್ಮಾನ. ಅದನ್ನು ಮೊದಲು ಬಾಯಿಬಿಟ್ಟು ಹೇಳಬೇಕಾದವಳು ನೀನು. ನಿನಗೆ ಹೇಳಲು ಕಷ್ಟ ಅಂತ ಪ್ರಾಣಿ ನರಳುವುದನ್ನು ಇಲ್ಲಿ ಯಾರೂ ದಯೆ ಅಂತ ಎಣಿಸುವುದಿಲ್ಲ. ನಾನೂ ಈಗ ಹಾಗೆ ಎಣಿಸುವುದಿಲ್ಲ.

ನಾಯಿ-ಬೆಕ್ಕಿನದು ಇನ್ನೂ ನಾಜೂಕು. ಮಾಲೀಕರು ಪಕ್ಕದಲ್ಲೇ ಕೂತಿರುತ್ತಾರೆ. ಮೊದಲೇ ಸಹಿ ಹಾಕಿಸಿಕೋ, ದುಡ್ಡಿನ ಮಾತನ್ನೂ ಮೊದಲೇ ಮುಗಿಸು. ಮುಂಗಾಲಿನ ಕೂದಲು ಸ್ವಲ್ಪ ಬೋಳಿಸಿ ರಕ್ತನಾಳಕ್ಕೆ ಕ್ಯಾನ್ಯುಲಾ (ಸಣ್ಣ ನಳಿಗೆ) ಹಾಕಿದ ಮೇಲೆ ಎರಡು ವಿಷಯ ಹೇಳು: ಕಣ್ಣು ಮುಚ್ಚುವುದಿಲ್ಲ, ತೆರೆದೇ ಇರುತ್ತವೆ. ಹೋದ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ ಆಗಬಹುದು, ಅದು ನೋವಲ್ಲ. ಮೊದಲೇ ಹೇಳಿದ್ದರೆ ಗಾಬರಿಯಾಗುವುದಿಲ್ಲ. ಆಮೇಲೆ ಸ್ಟೆತಸ್ಕೋಪ್ ಇಟ್ಟು, ಪೂರ್ತಿ ಕೇಳಿ, ನಂತರವೇ ಹೋಯಿತು ಅನ್ನು. ಮುಂದಿನ ಪೇಶೆಂಟ್ ಕಾಯುತ್ತಿದ್ದರೂ ಕೋಣೆಯಿಂದ ಓಡಬೇಡ.

ನಿನ್ನನ್ನು ನೀನು ಕಡಿಮೆ ಅಂದುಕೊಂಡು ಬರುವುದೂ ಬೇಡ. 2001ರಲ್ಲಿ ಈ ದೇಶಕ್ಕೆ ಕಾಲುಬಾಯಿ ರೋಗ ಬಂದಾಗ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಪ್ರತಿ ಫಾರ್ಮಿನ ಬಾಗಿಲಲ್ಲಿ ಬೂಟು ತೊಳೆಯುವಾಗ ಹಳೆಯ ರೈತರು ಇನ್ನೂ ಆ ಕಥೆ ಹೇಳುತ್ತಾರೆ. ಆದರೆ ನಿನ್ನ ವಯಸ್ಸಿನ ಇಲ್ಲಿಯ ವೆಟ್‌ಗಳು ಆ ಬಾಯಿಹುಣ್ಣನ್ನು ಫೋಟೋದಲ್ಲಿ ಮಾತ್ರ ನೋಡಿದ್ದಾರೆ. ನೀನು ಕೈಯಿಂದ ಮುಟ್ಟಿದ್ದೀಯ. 2023ರ ಕೊನೆಗೆ ಕೆಂಟ್‌ನಲ್ಲಿ ಬ್ಲೂಟಂಗ್ ಕಾಣಿಸಿಕೊಂಡಾಗ ನಮ್ಮ ಪ್ರಾಕ್ಟೀಸಿನಲ್ಲಿ ನೀಲಿನಾಲಿಗೆಯ ಕುರಿಯನ್ನು ಕಣ್ಣಾರೆ ನೋಡಿದ್ದವಳು ನಾನೊಬ್ಬಳೇ. ಅವತ್ತು ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಕಡೆ ತಿರುಗಿದರು. ಆದರೆ ಅಬೊಮೇಸಮ್, ಅಂದರೆ ಹಸುವಿನ ನಾಲ್ಕನೇ ಹೊಟ್ಟೆ, ಎಡಕ್ಕೆ ಸರಿದ ಕೇಸ್ ಇಲ್ಲಿ ಬೇಕಾದಷ್ಟು ಸಿಗುತ್ತವೆ. ಅದನ್ನು ಅವರಿಂದ ಕಲಿತುಕೋ.

ಒಂಟಿತನಕ್ಕೆ ಮದ್ದು ಕೇಳಿದ್ದೀಯ. ಚಳಿಗಾಲದಲ್ಲಿ ನಾಲ್ಕೂವರೆಗೆಲ್ಲಾ ಕತ್ತಲು, ಅದು ಮನಸ್ಸನ್ನು ಕುಗ್ಗಿಸುತ್ತದೆ, ಸುಮ್ನೆ ಧೈರ್ಯ ಹೇಳಿ ಏನು ಪ್ರಯೋಜನ. ಕನ್ನಡ ಬಳಗದ ಯುಗಾದಿ, ದೀಪಾವಳಿಗೆ ಹೋಗು, ಆದರೆ ಅದು ವರ್ಷಕ್ಕೆ ಕೆಲವೇ ದಿನ, ಅದೂ ದೂರದ ಯಾವುದೋ ನಗರದಲ್ಲಿ. ವಾರದ ಮಧ್ಯೆ ನಿನಗೆ ಊರಿನ ಜನವೇ ಬೇಕು. ದನದ ಸಂತೆ ದಿನ ಅಲ್ಲಿನ ಕೆಫೆಯಲ್ಲಿ ಅರ್ಧ ಗಂಟೆ ಕೂರು. ಯಂಗ್ ಫಾರ್ಮರ್ಸ್ ಕ್ಲಬ್‌ನವರು ಕರು ಸಾಕಣೆ ಬಗ್ಗೆ ಮಾತಾಡಲು ಕರೆದರೆ ಹೋಗು. ಪ್ರಾಕ್ಟೀಸಿನ ಮೇಲಿನ ಫ್ಲ್ಯಾಟ್ ಕೊಡುತ್ತೇವೆ ಅಂದರೆ ಮೊದಲ ತಿಂಗಳುಗಳಿಗೆ ಸರಿ, ಆಮೇಲೆ ಬೇರೆ ಮನೆ ಮಾಡು. ಇಲ್ಲದಿದ್ದರೆ ರಜೆಯಲ್ಲೂ ಬೆಲ್ ಆದರೆ ಇಳಿದು ಹೋಗುವವಳು ನೀನೇ ಆಗುತ್ತೀಯ. ಮನಸ್ಸು ತೀರಾ ಕೆಟ್ಟರೆ ವೆಟ್‌ಲೈಫ್ ಅಂತ ನಮ್ಮ ವೃತ್ತಿಯವರಿಗಾಗಿಯೇ ಇರುವ ಸಹಾಯವಾಣಿ ಇದೆ, ಹಗಲೂ ರಾತ್ರಿಯೂ. ಹೆಸರು ಹೇಳಬೇಕಾಗಿಲ್ಲ. ನಂಬರನ್ನು ಬಂದ ದಿನವೇ ಫೋನಿಗೆ ಹಾಕಿಕೋ, ಬೇಕಾದಾಗ ಹುಡುಕುವಷ್ಟು ಶಕ್ತಿ ಇರುವುದಿಲ್ಲ.

ಉಳಿದದ್ದು ಚಿಲ್ಲರೆ. ವೆಟರ್ನರಿ ಡಿಫೆನ್ಸ್ ಸೊಸೈಟಿಯಂಥ ವಿಮೆ ಮತ್ತು ರಾಯಲ್ ಕಾಲೇಜಿನ ವಾರ್ಷಿಕ ಶುಲ್ಕ ಅವರೇ ಕಟ್ಟುತ್ತಾರಾ ಕೇಳು. ವರ್ಷಕ್ಕೆ 35 ಗಂಟೆ ಸಿಪಿಡಿ, ಅಂದರೆ ವೃತ್ತಿಯ ಮುಂದುವರಿದ ಕಲಿಕೆ, ಕಡ್ಡಾಯ, ಅದಕ್ಕೆ ರಜೆ, ದುಡ್ಡು ಕೊಡುತ್ತಾರಾ ಅದನ್ನೂ. ಕೆಲಸ ಬಿಟ್ಟರೆ ಇಷ್ಟು ಮೈಲಿ ಒಳಗೆ ಇಷ್ಟು ತಿಂಗಳು ಕೆಲಸ ಮಾಡುವ ಹಾಗಿಲ್ಲ ಅನ್ನುವ ಷರತ್ತು ಕಾಂಟ್ರಾಕ್ಟ್‌ನಲ್ಲಿ ಎಲ್ಲೋ ಕೊನೆಗೆ ಇರುತ್ತದೆ. ಸಹಿ ಮಾಡುವ ಮೊದಲು ಆ ಪುಟ ನನಗೆ ಕಳಿಸು, ನೋಡಿ ಹೇಳುತ್ತೇನೆ. ನಮ್ಮ ಲೈಸೆನ್ಸ್‌ನಲ್ಲಿ ಇಲ್ಲಿ 12 ತಿಂಗಳು ಮಾತ್ರ ಓಡಿಸಬಹುದು. ಡ್ರೈವಿಂಗ್ ಟೆಸ್ಟ್‌ಗೆ ತಿಂಗಳುಗಟ್ಟಲೆ ಕಾಯಬೇಕು, ಆದ್ದರಿಂದ ಬಂದ ತಕ್ಷಣ ಥಿಯರಿ ಮುಗಿಸಿ ದಿನ ಹಿಡಿ. ಹಳ್ಳಿ ರಸ್ತೆ ಒಂದೇ ಗಾಡಿಯ ಅಗಲ, ಎರಡೂ ಕಡೆ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ಹಿಂದೆ ಹೋಗಬೇಕಾದವಳು ನೀನು. ರಿವರ್ಸ್ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬಾ.