ಆರು ತಿಂಗಳ ಮಗು ತಾನೇ ತಿನ್ನಲಿ ಎಂದರೆ ಅತ್ತೆ ರಾಗಿ ಸರಿ ಬಿಡಲು ಒಪ್ಪುತ್ತಿಲ್ಲ, ಹೇಗೆ ಒಪ್ಪಿಸಲಿ?

ನಿಮ್ಮ ಪ್ರಶ್ನೆಯನ್ನು ಆರು ವರ್ಷದ ಹಿಂದೆ ನಾನೇ ಬರೆದಿಟ್ಟು ಮರೆತಿದ್ದೆನೇನೋ ಅನ್ನಿಸಿತು. ನನ್ನ ಉತ್ತರ: ಒಪ್ಪಿಸಬೇಡಿ. ನಾನು ಒಪ್ಪಿಸಿದೆ, ಅದರ ಫಲ ಉಂಡವಳು ನನ್ನ ಮಗಳು.

ನಮ್ಮದು ತುಮಕೂರು. ಮಗುವಿಗೆ ಐದು ತಿಂಗಳಾಗುವಷ್ಟರಲ್ಲೇ ಅತ್ತೆಯವರು ರಾಗಿಯನ್ನು ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬಿಸಿದ್ದರು. ನಾನಾದರೋ ಬ್ರಿಟನ್ನಿನ ಗಿಲ್ ರಾಪ್ಲಿ ಅವರು ಹೆಸರಾಗಿಸಿದ ಪದ್ಧತಿಯನ್ನು ಓದಿಕೊಂಡು, ಮಗು ಮನೆಯವರ ಜೊತೆ ಕುಳಿತು ತನ್ನ ಕೈಯಿಂದಲೇ ತಿನ್ನಬೇಕು, ಚಮಚ ಅದರ ಬಾಯಿಯ ಹತ್ತಿರ ಸುಳಿಯಲೂ ಕೂಡದು ಎಂದು ಹಟ ಹಿಡಿದೆ. ಡಬ್ಬಿ ಅಟ್ಟ ಸೇರಿತು. ಅತ್ತೆಯವರು ಎದುರಾಡಲಿಲ್ಲ, “ನೀನು ಓದಿದವಳಮ್ಮ” ಎಂದಷ್ಟೇ ಹೇಳಿದರು.

ಮೊದಲ ಎರಡು ತಿಂಗಳು ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಬೀನ್ಸ್, ಬೆರಳುದ್ದಕ್ಕೆ ಕತ್ತರಿಸಿದ ತಟ್ಟೆ ಇಡ್ಲಿ. ಮಗಳು ಹಿಡಿಯುತ್ತಿದ್ದಳು, ಹಿಸುಕುತ್ತಿದ್ದಳು, ಚೀಪುತ್ತಿದ್ದಳು, ನೆಲಕ್ಕೆ ಎಸೆಯುತ್ತಿದ್ದಳು. ನನ್ನ ತಪ್ಪು ಇಲ್ಲಿದೆ, ಇದನ್ನು ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ನಾನು ತಟ್ಟೆಗೆ ಬಡಿಸಿದ್ದನ್ನು ಲೆಕ್ಕ ಇಡುತ್ತಿದ್ದೆನೇ ಹೊರತು ಹೊಟ್ಟೆಗೆ ಹೋದದ್ದನ್ನಲ್ಲ. ಹೋದದ್ದರಲ್ಲಿಯೂ ಬಣ್ಣ ಎಷ್ಟಿದೆ ಎಂದು ನೋಡಿದೆ, ಕಬ್ಬಿಣದ ಅಂಶ ಎಷ್ಟಿದೆ ಎಂದು ನೋಡಲಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಮಗು ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗುತ್ತ ಬರುತ್ತದೆ, ಎದೆಹಾಲಿನಲ್ಲಿ ಇರುವುದು ತೀರ ಸ್ವಲ್ಪ. ಏಳರಿಂದ ಹನ್ನೆರಡು ತಿಂಗಳ ಮಗುವಿಗೆ ಅಮೆರಿಕದವರು ಶಿಫಾರಸು ಮಾಡುವುದು ದಿನಕ್ಕೆ 11 ಮಿಲಿಗ್ರಾಂ. ಬೆಳೆದ ಗಂಡಸಿಗೆ ಅವರೇ ಹೇಳುವುದು 8. ನಾವು ಮೊಟ್ಟೆಯನ್ನೂ ತಿನ್ನದ ಮನೆಯವರು, ಮೇಲಾಗಿ ಮಗಳು 36 ವಾರಕ್ಕೇ ಹುಟ್ಟಿದವಳು, ಅಂದರೆ ಆ ಕೂಡಿಡುವ ಕೊನೆಯ ವಾರಗಳೇ ಅವಳಿಗೆ ಸಿಕ್ಕಿರಲಿಲ್ಲ. ನ್ಯೂಜಿಲೆಂಡ್‌ನ ಒಟಾಗೋ ವಿಶ್ವವಿದ್ಯಾಲಯದವರು ಮಕ್ಕಳನ್ನು ತಾವೇ ತಿನ್ನಲು ಬಿಟ್ಟು ನಡೆಸಿದ ಅಧ್ಯಯನದಲ್ಲಿ ಉಸಿರುಗಟ್ಟುವ ಪ್ರಸಂಗಗಳು ಹೆಚ್ಚಲಿಲ್ಲ ಎಂಬ 2016ರ ಫಲಿತಾಂಶವನ್ನು ಮನೆಯವರಿಗೆಲ್ಲ ಓದಿ ಹೇಳಿದ್ದೆ. ಪ್ರತಿ ಊಟದಲ್ಲೂ ಕಬ್ಬಿಣ ಹೆಚ್ಚಿರುವ ಒಂದು ಪದಾರ್ಥ ಇರಲೇಬೇಕೆಂದು ಆ ತಾಯಂದಿರಿಗೆ ಸೂಚಿಸಲಾಗಿತ್ತು ಎಂಬ ಮಾತು ಅದೇ ಬರಹದಲ್ಲಿತ್ತು. ಅದನ್ನು ದಾಟಿಕೊಂಡು ಹೋಗಿದ್ದೆ.

ಹತ್ತನೆಯ ತಿಂಗಳಲ್ಲಿ ಮಗಳು ಅಂಬೆಗಾಲಿಟ್ಟು ಹೋಗಿ ತುಳಸಿಕಟ್ಟೆಯ ಮಣ್ಣನ್ನು ಬಾಯಿಗಿಟ್ಟುಕೊಳ್ಳತೊಡಗಿದಳು. ಬಾಲಕೃಷ್ಣನೇ ಬಂದನೆಂದು ಎಲ್ಲರೂ ನಕ್ಕೆವು, ನಾನು ಫೋಟೋ ಕೂಡ ತೆಗೆದೆ. ಚುಚ್ಚುಮದ್ದಿಗೆಂದು ಹೋದಾಗ ಈ ಕಥೆಯನ್ನು ತಮಾಷೆಯಾಗಿ ಹೇಳಿದೆ. ವೈದ್ಯರು ನಗದೆ ಅವಳ ಕೆಳರೆಪ್ಪೆಯನ್ನು ಎಳೆದು ನೋಡಿ ರಕ್ತಪರೀಕ್ಷೆಗೆ ಬರೆದರು. 11 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8.6 ಇತ್ತು. ಮೂರು ತಿಂಗಳಿಗೂ ಹೆಚ್ಚು ಕಾಲ ಕಬ್ಬಿಣದ ಹನಿ, ಅದನ್ನು ಉಗುಳುವ ಮಗು, ಕಪ್ಪಗಾದ ಮಲ, ಮತ್ತೆ ಮತ್ತೆ ಸೂಜಿ. ಆ ಫೋಟೋವನ್ನು ಅಳಿಸಿಹಾಕಿದೆ.

ಆದ್ದರಿಂದ ‘ಚಮಚವೋ ಕೈಯೋ’ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಹಸಿದಾಗ ಮೊದಲು ಅತ್ತೆಯವರು ರಾಗಿ ಸರಿ ತಿನ್ನಿಸಲಿ (ಮೊಳಕೆ ಕಟ್ಟಿದ ರಾಗಿಯ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ), ಮಗು ಬಾಯಿ ಮುಚ್ಚಿ ಮುಖ ತಿರುಗಿಸಿದ ಕೂಡಲೇ ನಿಲ್ಲಿಸಲಿ. ಅತ್ತೆಯವರ ಜೊತೆ ವಾದಿಸಲೇಬೇಕಿದ್ದರೆ ಈ ನಿಲ್ಲಿಸುವ ವಿಷಯಕ್ಕೆ ವಾದಿಸಿ. ಆಮೇಲೆ ಎಲ್ಲರ ಊಟದ ಹೊತ್ತಿಗೆ ಮಗುವನ್ನು ನೆಟ್ಟಗೆ ಕೂರಿಸಿ, ಸಾರಿಗೆ ಉಪ್ಪು ಖಾರ ಬೀಳುವ ಮುನ್ನವೇ ತೆಗೆದಿಟ್ಟ ಬೇಳೆ ಸೊಪ್ಪನ್ನು ನಾಲ್ಕು ಹನಿ ನಿಂಬೆರಸದ ಜೊತೆ ಅನ್ನಕ್ಕೆ ಕಲಸಿ ಮುಂದಿಡಿ. ಮೆತ್ತಗೆ ಬೆಂದ ಹೆಸರುಕಾಳನ್ನು ಜಜ್ಜಿ ಇಡಿ. ಎರಚಲಿ ಬಿಡಿ. ಮುದ್ದೆಯ ಉಂಡೆ ಮಾತ್ರ ಬೇಡ: ದೊಡ್ಡವರು ಅಗಿಯದೆ ನುಂಗುವ ಅಂಟು ಪದಾರ್ಥ ಮಗುವಿನ ಗಂಟಲಿಗೆ ತಕ್ಕದ್ದಲ್ಲ. ಇಡಿ ಕಡಲೆಬೀಜ, ಇಡಿ ದ್ರಾಕ್ಷಿ, ಹಸಿ ಕ್ಯಾರೆಟ್ ಕೂಡ ಬೇಡ.

ಮಗು ಓಕರಿಸಿ, ಕೆಮ್ಮಿ, ಮುಖ ಕೆಂಪಾಗಿಸಿಕೊಂಡು ತುಂಡನ್ನು ಹೊರಗೆ ತಳ್ಳುತ್ತಿದ್ದರೆ ಕೈಕಟ್ಟಿ ಕುಳಿತುಕೊಳ್ಳಿ. ಬಾಯಿಗೆ ಬೆರಳು ಹಾಕಿದರೆ ತುಂಡು ಇನ್ನೂ ಒಳಕ್ಕೆ ಹೋದೀತು. ಸದ್ದೇ ಹೊರಡದಿದ್ದರೆ ಅದು ಬೇರೆ ಮಾತು. ಆಗ ತಲೆ ತಗ್ಗಿರುವಂತೆ ಬೋರಲು ಮಲಗಿಸಿ ಬೆನ್ನಿಗೆ ಐದು ಪೆಟ್ಟು, ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಇದನ್ನು ಮನೆಯವರೆಲ್ಲರೂ ಯಾರಾದರೂ ಬಲ್ಲವರಿಂದ ಮಾಡಿ ಕಲಿತಿರಬೇಕು.

ಇನ್ನು ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್. ಆರು ತಿಂಗಳು ದಾಟಿದ ಮಕ್ಕಳಿಗೆ ವಾರಕ್ಕೆರಡು ಬಾರಿ ಒಂದೊಂದು ಮಿಲಿಲೀಟರ್‌ನಂತೆ ಕೊಡಲೆಂದೇ ಅದಿರುವುದು. ನಿಮ್ಮ ವೈದ್ಯರಿಗೆ ಬಾಟಲಿ ತೋರಿಸಿ ಶುರುಮಾಡಿ. ನಮ್ಮದು ದೇವರ ಗೂಡಿನ ಪಕ್ಕದಲ್ಲಿ ಸೀಲು ಒಡೆಯದೆ ಹಾಗೆಯೇ ಇತ್ತು.