ರೀಕಾಲ್ ಮೆಸೇಜ್ ಬಂದ ಮೇಲೆ ಕೋಡ್ ಅಳಿಸಿಕೊಂಡು ಓಡಾಡಬೇಡಿ

ಅಣ್ಣಾ, ನಿಮ್ಮ ಪೋಸ್ಟ್ ಓದಿ ಸುಮ್ನೆ ಕೂರಲು ಆಗಲಿಲ್ಲ. ಗದಗಿನ ಮುಳಗುಂದ ನಾಕಾದಲ್ಲಿ ಎರಡು ಸಲ ಇಂಜಿನ್ ಬಂದ್ ಆಯ್ತು, ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್) ಸಾಫ್ಟ್‌ವೇರ್ ರೀಕಾಲ್, ಅಂದರೆ ದೋಷ ಸರಿಮಾಡಲು ಕಂಪನಿಯೇ ಗಾಡಿ ವಾಪಸ್ ಕರೆಯುವುದು, ಅಂತ ಮೆಸೇಜೂ ಬಂದಿದೆ, ಗೆಳೆಯ ಸ್ಕ್ಯಾನರ್ ಹಾಕಿ ಕೋಡ್ (ಇಸಿಎಂ ಬರೆದಿಟ್ಟ ದೋಷದ ನಂಬರ್) ಅಳಿಸಿ ಚೆಕ್ ಲೈಟ್ ತೆಗೆದ, ಈಗ ಆರಾಮ ಓಡುತ್ತಿದೆ, ಇನ್ನೆರಡು ತಿಂಗಳಿಗೆ ಸರ್ವಿಸ್ ಇದೆ ಆಗ ನೋಡೋಣ ಅಂತ ಬರೆದಿದ್ದೀರಿ. ಮುಂದಿನ ವಾರ ಮನೆಯವರನ್ನೆಲ್ಲ ಕರೆದುಕೊಂಡು ಸವಣೂರಿಗೆ ಮದುವೆಗೆ ಹೊರಟಿದ್ದೀರಂತೆ. ದಯವಿಟ್ಟು ಆ ಗಾಡಿಯಲ್ಲಿ ಹೋಗಬೇಡಿ. ನಾನೂ ಕೋಡ್ ಅಳಿಸಿದವನೇ, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಗಾಡಿಗೂ ಇಂಥದ್ದೇ ರೀಕಾಲ್ ಬಂದಿತ್ತು. ಫ್ರೀ ಸರ್ವಿಸ್‌ಗೆ ಬಿಟ್ಟಾಗ ಅದನ್ನೂ ಮಾಡಿ ಅಂದೆ. ಸಂಜೆ ಸರ್ವಿಸ್ ಸೆಂಟರ್‌ನ ಅಡ್ವೈಸರ್ "ಅಪ್‌ಡೇಟ್ ಆಗಿದೆ ಸರ್" ಅಂದ. ಜಾಬ್ ಕಾರ್ಡಿನಲ್ಲಿ ರೈಟ್ ಮಾರ್ಕೂ ಇತ್ತು. ಸಹಿ ಹಾಕಿ ಬಂದೆ. ಒಂದೂವರೆ ತಿಂಗಳಾದ ಮೇಲೆ ಧಾರವಾಡದಿಂದ ಹುಬ್ಬಳ್ಳಿಗೆ ಬರುತ್ತಿದ್ದೆ, ಹಿಂದಿನ ಸೀಟಿನಲ್ಲಿ ಅವ್ವ. ಆಗ ಬೈಪಾಸ್ ಇನ್ನೂ ಎರಡೇ ಲೇನ್. ಯರಿಕೊಪ್ಪ ದಾಟಿದ ಮೇಲೆ ಮುಂದೆ ಅರಳೆ ತುಂಬಿದ ಲಾರಿ, ಎದುರಿಗೆ ಬಸ್ಸುಗಳ ಸಾಲು. ಲಾರಿ ಸ್ಲೋ ಮಾಡಿತು. ನಾನು ಎಕ್ಸಲೇಟರ್ ಬಿಟ್ಟು, ಕ್ಲಚ್ ಒತ್ತಿ ಗೇರ್ ಇಳಿಸಲು ಹೋದೆ. ಆರ್‌ಪಿಎಂ ಮುಳ್ಳು 800ರ ಹತ್ತಿರ ನಿಲ್ಲಬೇಕು ಅಲ್ವಾ? ನಿಲ್ಲಲಿಲ್ಲ. ಸೀದಾ ಸೊನ್ನೆಗೆ ಬಿತ್ತು. ಆಯಿಲ್ ಲೈಟ್, ಬ್ಯಾಟರಿ ಲೈಟ್ ಕೆಂಪಗೆ ಹತ್ತಿಕೊಂಡವು. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಗಾಬರಿಗೆ ಬ್ರೇಕನ್ನು ಪಂಪ್ ಹೊಡೆದಂತೆ ಮೂರು ನಾಲ್ಕು ಸಲ ತುಳಿದೆ, ಪೆಡಲ್ ಕೆಳಗೆ ಹೋಗುವುದನ್ನೇ ಬಿಟ್ಟಿತು. ಎರಡೂ ಕೈಯಲ್ಲಿ ಎಳೆದು ಎಡಕ್ಕೆ ಮಣ್ಣಿಗೆ ಇಳಿಸಿದೆ. ಗಾಡಿ ನಿಂತಾಗ ಕಿಲೋಮೀಟರ್ ಕಲ್ಲು ಬಂಪರಿನಿಂದ ಒಂದು ಮೊಳ ದೂರ ಇತ್ತು. ಅವ್ವ ಮಾತಾಡಲಿಲ್ಲ. ಮುಂದಿನ ಸೀಟಿನ ಹೆಡ್‌ರೆಸ್ಟ್ ಹಿಡಿದ ಕೈಯನ್ನು ಬಿಡಿಸಲು ನನಗೇ ಹೊತ್ತು ಹಿಡಿಯಿತು.

ಇದನ್ನು ಓದುತ್ತಿರುವ ಎಲ್ಲರೂ ನೆನಪಿಟ್ಟುಕೊಳ್ಳಿ. ಇಂಜಿನ್ ಬಂದ್ ಆದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಒಂದೆರಡು ಸಲಕ್ಕೆ ಮಾತ್ರ ಸಾಕಾಗುತ್ತದೆ. ಬ್ರೇಕನ್ನು ಒಂದೇ ಸಲ ಜೋರಾಗಿ ಒತ್ತಿ ಹಿಡಿಯಿರಿ, ಬಿಟ್ಟು ಬಿಟ್ಟು ತುಳಿಯಬೇಡಿ. ಕೀ ಹೊರಗೆ ಎಳೆಯಲೇಬೇಡಿ, ಸ್ಟೇರಿಂಗ್ ಲಾಕ್ ಆಗುತ್ತದೆ. ಮ್ಯಾನ್ಯುಯಲ್ ಗಾಡಿ ಗೇರಿನಲ್ಲೇ ಇದ್ದು ಸ್ವಲ್ಪ ಸ್ಪೀಡ್ ಇದ್ದರೆ, ಕ್ಲಚ್ ನಿಧಾನ ಬಿಟ್ಟರೆ ಗಾಲಿಯ ತಿರುಗಾಟಕ್ಕೇ ಇಂಜಿನ್ ಮತ್ತೆ ಹತ್ತಿಕೊಳ್ಳಬಹುದು. ನನಗೆ ಅವತ್ತು ಅದು ಹೊಳೆಯಲಿಲ್ಲ. ಆಟೋಮ್ಯಾಟಿಕ್‌ನವರು ನ್ಯೂಟ್ರಲ್‌ಗೆ ಹಾಕಿ ಸ್ಟಾರ್ಟ್ ಮಾಡಿ.

ಆಮೇಲೆ ಮಾಡಿದ್ದೇ ದೊಡ್ಡ ತಪ್ಪು. ಡ್ಯಾಶ್‌ಬೋರ್ಡಿನಲ್ಲಿ ಬ್ಲೂಟೂತ್ ಸ್ಕ್ಯಾನರ್ ಇತ್ತು. ಅಲ್ಲೇ ಹಾಕಿ ಕೋಡ್ ಅಳಿಸಿದೆ. ಲೈಟ್ ಹೋಯಿತು, ಮನೆ ಮುಟ್ಟಿದೆವು. ಮರುದಿನ ಸರ್ವಿಸ್ ಸೆಂಟರ್‌ನಲ್ಲಿ "ಫಾಲ್ಟ್ ಏನೂ ಇಲ್ಲ ಸರ್, ಡೀಸೆಲ್ ಸರಿ ಇರಲಿಕ್ಕಿಲ್ಲ" ಅಂದರು. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಅಳಿದುಹೋಗುತ್ತದೆ. ಬಂದ್ ಆದ ಹೊತ್ತಿನ ಸ್ಪೀಡ್, ಆರ್‌ಪಿಎಂ, ಇಂಜಿನ್ ಹೀಟ್ ಎಲ್ಲ ಅದರಲ್ಲೇ ಇರುತ್ತದೆ. ನನ್ನ ಕೈಯಿಂದಲೇ ಸಾಕ್ಷಿ ಒರೆಸಿ ಹಾಕಿದ್ದೆ. ನಿಮ್ಮ ಗೆಳೆಯ ಮಾಡಿದ್ದೂ ಅದೇ. ಇನ್ನೊಮ್ಮೆ ಲೈಟ್ ಬಂದರೆ ಓದಿ, ಸ್ಕ್ರೀನ್‌ಶಾಟ್ ತೆಗೆಯಿರಿ, ಕ್ಲಿಯರ್ ಬಟನ್ ಮಾತ್ರ ಮುಟ್ಟಬೇಡಿ.

ನನ್ನನ್ನು ಉಳಿಸಿದ್ದು ಕ್ಯಾಲಿಬ್ರೇಶನ್ ಐಡಿ. ಸ್ಕ್ಯಾನರ್ ಆಪ್‌ನಲ್ಲಿ ಮೋಡ್ 09, ಅಂದರೆ ವೆಹಿಕಲ್ ಇನ್ಫರ್ಮೇಶನ್ ತೆರೆದರೆ ಬಹಳಷ್ಟು ಗಾಡಿಗಳಲ್ಲಿ ಕ್ಯಾಲ್ ಐಡಿ (ಕ್ಯಾಲಿಬ್ರೇಶನ್ ಐಡಿ), ಸಿವಿಎನ್ (ಸಾಫ್ಟ್‌ವೇರ್ ತಾಳೆ ನೋಡುವ ನಂಬರ್) ಎರಡೂ ಕಾಣುತ್ತವೆ. ಇಸಿಎಂ ಒಳಗಿನ ಸಾಫ್ಟ್‌ವೇರಿನ ಗುರುತು ಅದು. ಸ್ಕ್ಯಾನರ್ ಕೊಂಡ ದಿನ ಹಾಗೇ ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ. ಅಡ್ವೈಸರ್ ಮುಂದೆಯೇ ಮತ್ತೆ ಓದಿಸಿದೆ. ಎರಡರಲ್ಲೂ ಒಂದೇ ನಂಬರ್, ಒಂದಕ್ಷರವೂ ಬದಲಾಗಿಲ್ಲ. ಅಪ್‌ಡೇಟ್ ಆಗಿರಲೇ ಇಲ್ಲ. ಬ್ಯಾಟರಿ ವೋಲ್ಟೇಜ್ ಕಡಿಮೆ ಅಂತ ಸರ್ವಿಸ್‌ನವರ ಟೂಲ್ ಫ್ಲ್ಯಾಶ್ ಮಾಡಲು, ಅಂದರೆ ಹೊಸ ಸಾಫ್ಟ್‌ವೇರ್ ತುಂಬಲು ಒಪ್ಪಿರಲಿಲ್ಲ, ಹುಡುಗ ನಾಳೆ ಮಾಡೋಣ ಅಂತ ಬಿಟ್ಟಿದ್ದ, ಕಾರ್ಡ್ ಮಾತ್ರ ಕ್ಲೋಸ್ ಆಗಿತ್ತು. ಅವತ್ತೇ ಕೂತು ಮಾಡಿಸಿದೆ. ನಂಬರ್ ಬದಲಾಯಿತು. ಅಲ್ಲಿಂದ ಈಚೆಗೆ ಒಮ್ಮೆಯೂ ಬಂದ್ ಆಗಿಲ್ಲ.

ಹಾಗಾಗಿ ನೀವು ಹೋದಾಗ ಹಳೇ ಸಾಫ್ಟ್‌ವೇರ್ ನಂಬರ್, ಹೊಸ ನಂಬರ್ ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿ, ಜೊತೆಗೆ ರೀಕಾಲ್ ಕೋಡ್. "ಸಿಸ್ಟಮ್‌ನಲ್ಲಿ ಇರುತ್ತೆ ಸರ್" ಅಂದರೆ ಏಳಬೇಡಿ, ಪ್ರಿಂಟ್ ಕೇಳಿ. ಕೆಲವು ಗಾಡಿಯ ಹೊರಗಿನ ಸ್ಕ್ಯಾನರ್‌ಗೆ ಕ್ಯಾಲ್ ಐಡಿ ಸಿಗುವುದಿಲ್ಲ, ಆಗ ಅವರ ಟೂಲ್ ಸ್ಕ್ರೀನಿನ ಫೋಟೋ ತೆಗೆದುಕೊಳ್ಳಿ. ತೀರಾ ಅಗ್ಗದ, ಇಎಲ್‌ಎಂ 327 ಚಿಪ್ಪಿನ ನಕಲಿ ಹಾಕಿದ ಸ್ಕ್ಯಾನರ್‌ಗಳನ್ನು ನಾನು ನಂಬುವುದಿಲ್ಲ. ಅರ್ಧಕ್ಕೆ ಕನೆಕ್ಷನ್ ಬಿಡುತ್ತವೆ, ಪೋರ್ಟಿನಲ್ಲೇ ಬಿಟ್ಟರೆ ರಾತ್ರಿಯೆಲ್ಲ ಬ್ಯಾಟರಿ ಹೀರುತ್ತವೆ.

ಬ್ಯಾಟರಿ ಮಾತು ಬಂತಲ್ಲ, ಎಕ್ಸೈಡ್ ಇರಲಿ ಅಮರಾನ್ ಇರಲಿ, ನಾಲ್ಕು ವರ್ಷ ದಾಟಿದ್ದರೆ ಮೊದಲು ಚೆಕ್ ಮಾಡಿಸಿ. ಫ್ಲ್ಯಾಶ್ ನಡುವೆ ವೋಲ್ಟೇಜ್ ಕುಸಿದರೆ ಇಸಿಎಂ ಕೆಟ್ಟು ಗಾಡಿ ಸ್ಟಾರ್ಟೇ ಆಗದೆ ಇರಬಹುದು. ವೋಲ್ಟೇಜ್ ಇಳಿಯದಂತೆ ನೋಡುವ ಸಪೋರ್ಟ್ ಚಾರ್ಜರ್ ಹಾಕಿಯೇ ಮಾಡಬೇಕು, ಹಾಕಿದ್ದಾರಾ ಅಂತ ಕಣ್ಣಾರೆ ನೋಡಿ. ಎಸಿ, ಲೈಟ್ ಎಲ್ಲ ಆಫ್ ಇರಲಿ. ಸಿಎನ್‌ಜಿ ಕಿಟ್ ಹೊರಗಿನ ಗ್ಯಾರೇಜಿನಲ್ಲಿ ಹಾಕಿಸಿದ್ದರೆ ಮೊದಲೇ ಹೇಳಿ. ಪವರ್ ಹೆಚ್ಚಿಸಲು ಇಸಿಎಂ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸಿದವರೂ ಮುಚ್ಚಿಡಬೇಡಿ, ಹೊಸ ಫೈಲ್ ಅದನ್ನು ಅಳಿಸುತ್ತದೆ, ಕೆಲವು ಸಲ ಟೂಲ್ ನಡುವೆಯೇ ತಕರಾರು ತೆಗೆಯುತ್ತದೆ.

ನಿಮ್ಮ ಪೋಸ್ಟಿನ ಕೆಳಗೆ ಕಾಮೆಂಟಿನಲ್ಲಿ ಒಬ್ಬರು "ಮಾಡಿಸಬೇಡಿ, ಮೈಲೇಜ್ ಬೀಳುತ್ತೆ" ಅಂತ ಬರೆದಿದ್ದಾರೆ. ಇಂಥ ಮಾತನ್ನು ದಯವಿಟ್ಟು ಹಬ್ಬಿಸಬೇಡಿ. 2015ರಲ್ಲಿ ಫೋಕ್ಸ್‌ವ್ಯಾಗನ್ ಗುಂಪು ಇಲ್ಲಿ 3,23,700 ಡೀಸೆಲ್ ಗಾಡಿ ವಾಪಸ್ ಕರೆದಿದ್ದು ಹೊಗೆ ಪರೀಕ್ಷೆಯ ಸಾಫ್ಟ್‌ವೇರ್ ವಿಷಯಕ್ಕೆ, ಮೈಲೇಜ್ ಭಯ ಆಗಲೂ ಎದ್ದಿತ್ತು. ಇಲ್ಲಿರುವುದು ಜೀವದ ವಿಷಯ. 2014ರಲ್ಲಿ ಟೊಯೋಟಾ 19 ಲಕ್ಷ ಪ್ರಿಯಸ್ ಕರೆಸಿತು. ಸಾಫ್ಟ್‌ವೇರ್ ಸೆಟ್ಟಿಂಗ್‌ನಿಂದ ಟ್ರಾನ್ಸಿಸ್ಟರ್ ವಿಪರೀತ ಬಿಸಿಯಾಗಿ, ಕೆಲವೊಮ್ಮೆ ಓಡುವಾಗಲೇ ಗಾಡಿ ನಿಲ್ಲುವ ಅಪಾಯ ಇತ್ತು. ಟೊಯೋಟಾದಂಥ ಗಟ್ಟಿ ಕಂಪನಿಗೇ ಹಾಗಾಗಿದೆ. ರೀಕಾಲ್ ಬಂತು ಅಂದ ಮಾತ್ರಕ್ಕೆ ಗಾಡಿ ಕೆಟ್ಟದ್ದು ಅಂತ ಅಲ್ಲ, ಅದನ್ನು ಮುಚ್ಚಿಡುವ ಕಂಪನಿಯೇ ಕೆಟ್ಟದ್ದು. ಫ್ಲ್ಯಾಶ್ ಆದ ಮೇಲೆ ಇಸಿಎಂ ಕಲಿತಿದ್ದೆಲ್ಲ ಅಳಿದಿರುತ್ತದೆ, ಐಡ್ಲಿಂಗ್ ಸ್ವಲ್ಪ ದಿನ ಏರಿಳಿಯಬಹುದು. ಮೈಲೇಜ್ ನೋಡುವುದಿದ್ದರೆ ಮೂರು ಸಲ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕಿ, ಮೀಟರ್ ತೋರಿಸುವುದನ್ನು ನಂಬಬೇಡಿ.

ದುಡ್ಡು ಕೇಳಿದರೆ ಕೊಡಬೇಡಿ, ರೀಕಾಲ್ ಕೆಲಸ ಪುಕ್ಕಟೆ. ವಾಟರ್ ವಾಶ್, ಇಂಜಿನ್ ಕೋಟಿಂಗ್ ಅಂತ ಬಿಲ್ಲಿಗೆ ಸೇರಿಸಿದ್ದರೆ ತೆಗೆಸಿ. ಮೋಟಾರು ವಾಹನ ಕಾಯ್ದೆಯ 110ಎ ಕಲಂ ಪ್ರಕಾರ ಸರ್ಕಾರವೇ ರೀಕಾಲ್‌ಗೆ ಆದೇಶ ಕೊಡಬಹುದು, ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಸರ್ವಿಸ್‌ನವರು ಸತಾಯಿಸಿದರೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ದೂರು ಹಾಕಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರಿಗೆ ಮೆಸೇಜ್ ಬರದೇ ಇರಬಹುದು, ಅದು ಮೊದಲ ಮಾಲೀಕರ ನಂಬರಿಗೆ ಹೋಗಿರುತ್ತದೆ. ಆರ್‌ಸಿಯಲ್ಲಿರುವ 17 ಅಕ್ಷರದ ಚಾಸಿ ನಂಬರನ್ನು ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ.

ಅಣ್ಣಾ, ನಾಳೆಯೇ ಫೋನ್ ಮಾಡಿ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ. ಸಂಜೆ ಬಿಟ್ಟರೆ ಅವಸರದಲ್ಲಿ ಕಾರ್ಡ್ ಕ್ಲೋಸ್ ಮಾಡುತ್ತಾರೆ. ಮದುವೆಯೊಳಗೆ ಸ್ಲಾಟ್ ಸಿಗದಿದ್ದರೆ ಲಕ್ಷ್ಮೇಶ್ವರದ ಮೇಲೆ ಬಸ್ಸಿನಲ್ಲಿ ಹೋಗಿ ಬನ್ನಿ. ಆಮೇಲೆ ಎರಡೂ ನಂಬರಿನ ಫೋಟೋ ಇಲ್ಲೇ ಹಾಕಿ, ನಾನು ನೋಡಿ ಹೇಳುತ್ತೇನೆ. ಚಾಸಿ ನಂಬರ್ ಮಾತ್ರ ಬೆರಳಿಟ್ಟು ಮುಚ್ಚಿರಿ.