ವಿಚಾರಣಾ ನ್ಯಾಯಾಲಯದ ವಕೀಲರು ಎಲ್ಲಿಂದ ಬರುತ್ತಾರೆ?

ಬಿ.ಕಾಂ. ಮುಗಿಸಿ, ಲೆಕ್ಕ ಪರಿಶೋಧಕರೊಬ್ಬರ ಕಚೇರಿಯಲ್ಲಿ ಮೂರು ವರ್ಷ ದುಡಿದು, ಈಗ ಎಲ್‌ಎಲ್.ಬಿ. ಎರಡನೆಯ ವರ್ಷದಲ್ಲಿ ಓದುತ್ತಿರುವುದಾಗಿ ಬರೆದಿದ್ದೀರಿ. ಮನೆತನದಲ್ಲಿ ಯಾರೂ ಕರಿಕೋಟು ತೊಟ್ಟವರಿಲ್ಲ; ಹೀಗಿರುವಾಗ ವಿಚಾರಣಾ ನ್ಯಾಯಾಲಯಗಳಲ್ಲಿ, ಅಂದರೆ ಸಾಕ್ಷ್ಯ ಕೇಳುವ ಕೆಳಗಿನ ನ್ಯಾಯಾಲಯಗಳಲ್ಲಿ, ನೆಲೆ ಕಂಡವರು ಸಾಮಾನ್ಯವಾಗಿ ಯಾವ ಹಿನ್ನೆಲೆಯವರು, ಅವರ ವೃತ್ತಿ ಹೇಗೆ ಸಾಗುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾನು 2003ರಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡೆ; ಅಂದಿನಿಂದ ತುಮಕೂರು ಜಿಲ್ಲೆಯ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ವಕೀಲಿಕೆ ನಡೆಸುತ್ತಿದ್ದೇನೆ. ಕಾನೂನು ಓದುವುದಕ್ಕೆ ಮೊದಲು ಐದು ವರ್ಷ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿ ನನ್ನದೇ ಹಳೆಯ ಅಳುಕು ಕಾಣುತ್ತಿದೆ.

ನನ್ನ ಅನುಭವದಲ್ಲಿ ಹಿನ್ನೆಲೆ ಎರಡು ಕಡೆ ಮಾತ್ರ ಎಣಿಕೆಗೆ ಬರುತ್ತದೆ: ಮೊದಲ ಐದು ವರ್ಷಗಳ ಹೊಟ್ಟೆಪಾಡಿನಲ್ಲಿ ಮತ್ತು ಆಮೇಲೆ ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದರಲ್ಲಿ. ಎರಡನೆಯದರಲ್ಲಿ ನೀವು ಈಗಾಗಲೇ ಅನುಕೂಲ ಸ್ಥಿತಿಯಲ್ಲಿದ್ದೀರಿ. ಮೊದಲನೆಯದನ್ನು ಮಾತ್ರ ಈಗಲೇ ಕುಳಿತು ಲೆಕ್ಕ ಹಾಕಬೇಕು.

ಹಿನ್ನೆಲೆಯ ವಿಚಾರ ಮೊದಲು. ನಮ್ಮ ವಕೀಲರ ಸಂಘದ ಕೊಠಡಿಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ಬಿಚ್ಚುವವರಲ್ಲಿ ವಕೀಲರ ಮಕ್ಕಳು ಇದ್ದಾರೆ, ಆದರೆ ಅವರ ಸಂಖ್ಯೆ ಹೊರಗಿನವರು ಊಹಿಸುವಷ್ಟಿಲ್ಲ. ಉಳಿದವರಲ್ಲಿ ಒಬ್ಬರು ಕಂದಾಯ ಇಲಾಖೆಯಲ್ಲಿ ನಿವೃತ್ತರಾದ ಮೇಲೆ ಕಾನೂನು ಪದವಿ ಪಡೆದವರು. ಪಹಣಿಯ ಕಾಲಂಗಳಲ್ಲಿ ಯಾವ ವರ್ಷ ಯಾರ ಹೆಸರು ಯಾವ ಆದೇಶದ ಮೇಲೆ ಏರಿತು ಎಂಬುದನ್ನು ಕನ್ನಡಕ ತೆಗೆದೇ ಓದಬಲ್ಲರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರೊಬ್ಬರಿದ್ದಾರೆ. ಠಾಣೆಯಲ್ಲಿ ಕುಳಿತು ಬರೆದ ಮಹಜರು ಯಾವುದು, ಸ್ಥಳದಲ್ಲಿ ಬರೆದದ್ದು ಯಾವುದು ಎಂದು ಕೈಬರಹ ನೋಡಿಯೇ ಅನುಮಾನಿಸುತ್ತಾರೆ. ಪ್ರಾಥಮಿಕ ಶಾಲೆಯ ಕೆಲಸ ಬಿಟ್ಟು ಬಂದ ಮಹಿಳೆಯೊಬ್ಬರು ಮಕ್ಕಳ ಸಾಕ್ಷ್ಯದ ಪ್ರಕರಣಗಳಲ್ಲಿ ಕೇಳುವ ಪ್ರಶ್ನೆಗಳು ನಮ್ಮಲ್ಲಿ ಬೇರೆಯವರಿಗೆ ಹೊಳೆಯುವುದಿಲ್ಲ.

ಮತ್ತೊಬ್ಬರು ಹಿಂದೆ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದರು. ಅವರನ್ನು ನೆನೆದಾಗಲೆಲ್ಲ ನನ್ನ ಆರಂಭದ ದಿನಗಳ ಅವಮಾನವೊಂದು ನೆನಪಾಗುತ್ತದೆ. ಹಲ್ಲೆ ಪ್ರಕರಣವೊಂದರಲ್ಲಿ ವೈದ್ಯರ ಪಾಟೀ ಸವಾಲು ನನ್ನ ಪಾಲಿಗೆ ಬಂದಿತ್ತು. ಈ ಗಾಯ ಕೆಳಗೆ ಬಿದ್ದಾಗಲೂ ಆಗಬಹುದೇ ಎಂದು ಕೇಳಿದೆ, ಆಗಬಹುದು ಎಂದರು. ಅಷ್ಟಕ್ಕೇ ಕುಳಿತುಕೊಳ್ಳದೆ, ಹಾಗಾದರೆ ದೊಣ್ಣೆಯಿಂದ ಆಗಿದ್ದಲ್ಲ ಎನ್ನಬಹುದಲ್ಲವೇ ಎಂದು ಹಿಗ್ಗಿನಿಂದ ಮುಂದುವರಿಸಿದೆ. ವೈದ್ಯರು ಗಾಯದ ಜಾಗವನ್ನು ತೋರಿಸಿ, ಬಿದ್ದವರಿಗೆ ಅಲ್ಲಿ ಪೆಟ್ಟಾಗುವುದು ಏಕೆ ಅಪರೂಪ ಎಂದು ಸವಿಸ್ತಾರವಾಗಿ ವಿವರಿಸಿದರು, ಅದೆಲ್ಲ ದಾಖಲಾಯಿತು. ಹೊರಗೆ ಬಂದಾಗ ಆ ಸಹೋದ್ಯೋಗಿ ಗಾಯದ ಪ್ರಮಾಣಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, "ನೆತ್ತಿ ಮೇಲೆ ಅಂತ ಬರೆದಿದ್ದಾರಲ್ಲ ಸರ್, ಓದಲಿಲ್ವಾ?" ಎಂದರು. ನಾನು ಅದನ್ನು ನಾಲ್ಕು ಸಲ ಓದಿದ್ದೆ. ನೆತ್ತಿ ಎಂದರೆ ಏನರ್ಥ ಎಂಬುದು ಮಾತ್ರ ತಲೆಗೆ ಹೋಗಿರಲಿಲ್ಲ.

ಲೆಕ್ಕದ ಹಿನ್ನೆಲೆ ನಿಮ್ಮದೂ ನನ್ನದೂ ಆಗಿರುವುದರಿಂದ ಅದರ ಉಪಯೋಗವನ್ನು ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ಯಾರ ಗುರುತೂ ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. 2011ರಲ್ಲಿ ಚೆಕ್ ಅಮಾನ್ಯದ ಪ್ರಕರಣವೊಂದರಲ್ಲಿ ಆರೋಪಿಯ ಪರವಾಗಿ ವಕಾಲತ್ತು ಹಾಕಿದ್ದೆ. ಫಿರ್ಯಾದಿ ಕೊಬ್ಬರಿ ವ್ಯಾಪಾರಿ, ನನ್ನ ಕಕ್ಷಿದಾರ ತೆಂಗು ಬೆಳೆಗಾರ. ಇಂಥ ದಿನ ಅಂಗಡಿಯಲ್ಲಿ 3,50,000 ರೂಪಾಯಿ ನಗದು ಕೈಸಾಲ ಕೊಟ್ಟೆ, ಅದಕ್ಕೆ ಚೆಕ್ ಕೊಟ್ಟರು, ಚೆಕ್ ಹಿಂದಿರುಗಿತು ಎಂಬುದು ಫಿರ್ಯಾದು. ಮುಂಗಡ ತೆಗೆದುಕೊಂಡಾಗ ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಿದ್ದೆ ಎಂಬುದು ನನ್ನ ಕಕ್ಷಿದಾರನ ಮಾತು. ಸಹಿ ಒಪ್ಪಿದ ಮೇಲೆ ಕಾನೂನು ಫಿರ್ಯಾದಿಯ ಕಡೆಗೇ ವಾಲುತ್ತದೆ. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೆಯ ಕಲಮಿನ ಪೂರ್ವಭಾವನೆಯಲ್ಲಿ (ಬೇರೆಯದು ತೋರುವವರೆಗೆ ನಿಜವೆಂದು ನ್ಯಾಯಾಲಯ ಹಿಡಿಯುವುದರಲ್ಲಿ) ಸಾಲ ಇತ್ತೆಂಬುದೂ ಸೇರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ಕರ್ನಾಟಕದಿಂದಲೇ ಹೋದ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣದಲ್ಲಿ, ಸ್ಪಷ್ಟಪಡಿಸಿತ್ತು. ಅದನ್ನು ಅಲುಗಾಡಿಸುವ ಹೊಣೆ ಆರೋಪಿಯದೇ.

ಇಂಥ ಪ್ರಕರಣಗಳಲ್ಲಿ ವಾಡಿಕೆಯ ಪಾಟೀ ಸವಾಲು ಐದು ನಿಮಿಷದ್ದು. "ನೀವು ಹಣವನ್ನೇ ಕೊಟ್ಟಿಲ್ಲ ಎಂದರೆ?" "ಸುಳ್ಳು." "ಖಾಲಿ ಚೆಕ್ ದುರುಪಯೋಗ ಮಾಡಿದ್ದೀರಿ ಎಂದರೆ?" "ಸುಳ್ಳು." ಇಷ್ಟರಿಂದ ಯಾರಿಗೂ ಪ್ರಯೋಜನವಿಲ್ಲ. ಫಿರ್ಯಾದಿ ಹೇಳಿದ ದಿನಾಂಕ ಕೊಬ್ಬರಿ ಹರಾಜಿನ ದಿನ ಎಂಬುದು ನನಗೆ ಕ್ಯಾಲೆಂಡರ್ ನೋಡಿದ ಕೂಡಲೇ ತಿಳಿಯಿತು. ಹರಾಜಿನ ಸಂಜೆ ಮಂಡಿಯಲ್ಲಿ ರೋಕಡ ಪುಸ್ತಕದ (ನಗದು ಲೆಕ್ಕದ ಪುಸ್ತಕ) ಮುಂದೆ ಎಷ್ಟು ಜನ ನಿಂತಿರುತ್ತಾರೆ ಎಂಬುದನ್ನು ಐದು ವರ್ಷ ಕಂಡಿದ್ದೆ. ಆ ದಿನದ ರೋಕಡ ಪುಸ್ತಕವನ್ನು ಹಾಜರುಪಡಿಸುವಂತೆ ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನಡಿ ಅರ್ಜಿ ಹಾಕಿದೆ. ಎದುರು ವಕೀಲರು ತಕರಾರು ಸಲ್ಲಿಸಿದರು. ಮೂರು ವಾಯಿದೆಗಳ (ಮುಂದೂಡಿಕೆಗಳ) ನಂತರ ಪುಸ್ತಕ ಬಂತು.

ಕೈಸಾಲದ ಸುದ್ದಿಯನ್ನೇ ಎತ್ತದೆ, ಅಂದು ಎಷ್ಟು ಚೀಲ ಬಂತು, ಹಮಾಲಿ ಎಷ್ಟು, ಬೆಳೆಗಾರರಿಗೆ ಬಟವಾಡೆ ಯಾರು ಮಾಡುತ್ತಾರೆ, ಪುಸ್ತಕದ ಕೈಬರಹ ಯಾರದು ಎಂದು ಕೇಳುತ್ತ ಹೋದೆ. ಸಾಕ್ಷಿಯಾಗಿ ನಿಂತಿದ್ದ ಫಿರ್ಯಾದಿ ನೆಮ್ಮದಿಯಿಂದ ಉತ್ತರಿಸಿದರು. ಅವರಿಗೂ ಅದು ದಿನನಿತ್ಯದ ಮಾತು. ಪುಟದ ಕೊನೆಗೆ, ದಿನದ ಅಂತ್ಯಕ್ಕೆ ಕೈಯಲ್ಲುಳಿದ ನಗದಿನ ಸಾಲಿಗೆ, ಬಂದಾಗ "ಆ ದಿನದ ಆಖೈರು ಶಿಲ್ಕು 11,260 ರೂಪಾಯಿ ಎಂದರೆ?" ಎಂದೆ. "ಸರಿ." "ಇಬ್ಬರು ಬೆಳೆಗಾರರಿಗೆ ಆ ದಿನ ಒಟ್ಟು 62,400 ರೂಪಾಯಿ ಬಾಕಿ ಉಳಿಸಿಕೊಂಡಿದ್ದೀರಿ ಎಂದರೆ?" ಪುಸ್ತಕ ನೋಡಿದರು. "ಸರಿ." ಆಮೇಲೆ ನಾನು ಕೇಳುವ ಮೊದಲೇ, "ಅದು ಅಂಗಡಿ ಲೆಕ್ಕ ಸ್ವಾಮಿ, ಇದು ಮನೇಲಿಟ್ಟಿದ್ ದುಡ್ಡು" ಎಂದುಬಿಟ್ಟರು. ನ್ಯಾಯಾಧೀಶರು ಅದನ್ನು "ಸದರಿ ಹಣವು ನನ್ನ ಮನೆಯಲ್ಲಿ ಇತ್ತು" ಎಂದು ಬೆರಳಚ್ಚುಗಾರರಿಗೆ ಹೇಳತೊಡಗಿದಾಗ, ಅಂಗಡಿ ಲೆಕ್ಕದ ಮಾತೂ ಸೇರಬೇಕೆಂದು ವಿನಂತಿಸಿದೆ, ಸೇರಿಸಿದರು. ಸಾಕ್ಷಿ ಆಡಿದ ಮಾತು ಮತ್ತು ಹಾಳೆಯ ಮೇಲೆ ಇಳಿದ ವಾಕ್ಯ ಇವೆರಡರ ನಡುವಿನ ಅಂತರವನ್ನು ಕಾಯುವುದು ನಮ್ಮ ಕೆಲಸದ ಅರ್ಧ ಭಾಗ. ಮನೆಯಲ್ಲಿ ಮೂರೂವರೆ ಲಕ್ಷ ಇಟ್ಟುಕೊಂಡವರು ಬೆಳೆಗಾರರ ಹಣ ಏಕೆ ಬಾಕಿ ಇಟ್ಟರು ಎಂಬ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ವೈದ್ಯರು ಕಲಿಸಿದ ಪಾಠ ಮರೆತಿರಲಿಲ್ಲ. ಅದನ್ನು ವಾದಕ್ಕೆ ಉಳಿಸಿಕೊಂಡೆ.

ವಾದದ ಹಂತವೇ ಬರಲಿಲ್ಲ. ಮುಂಗಡದ ಬಾಕಿ ನಿಜವಾಗಿಯೂ ಸ್ವಲ್ಪ ಇತ್ತು. ಲೋಕ ಅದಾಲತ್‌ನಲ್ಲಿ 60,000 ರೂಪಾಯಿಗೆ ರಾಜಿಯಾಗಿ ಇಬ್ಬರೂ ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು ಹೋದರು. ವಿಚಾರಣಾ ನ್ಯಾಯಾಲಯದ ಗೆಲುವುಗಳು ಬಹುಮಟ್ಟಿಗೆ ಈ ಗಾತ್ರದವು. ಸಾಲ ಕೊಟ್ಟೆನೆನ್ನುವವನಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂದು ಪಾಟೀ ಸವಾಲಿನಲ್ಲಿ ಕೆದಕುವ ಈ ದಾರಿಯ ಮಹತ್ವವನ್ನು ನೀವು ಓದಿ ತಿಳಿಯಬೇಕೆಂದಿದ್ದರೆ, 2019ರ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ ತೀರ್ಪನ್ನು ನೋಡಿ. ಅದೂ ಕರ್ನಾಟಕದ್ದೇ. ಆರು ಲಕ್ಷ ರೂಪಾಯಿಯ ಕೈಸಾಲದ ಆ ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಯನ್ನು ಬಿಡುಗಡೆ ಮಾಡಿತ್ತು, ಉಚ್ಚ ನ್ಯಾಯಾಲಯ ಅದನ್ನು ತಿರುವಿತು, ಸರ್ವೋಚ್ಚ ನ್ಯಾಯಾಲಯ ಬಿಡುಗಡೆಯ ತೀರ್ಪನ್ನೇ ಮತ್ತೆ ಎತ್ತಿ ಹಿಡಿಯಿತು. ಅದಕ್ಕೆ ಆಧಾರವಾದದ್ದು ಕೆಳಗಿನ ನ್ಯಾಯಾಲಯದಲ್ಲಿ ಯಾರೋ ಒಬ್ಬ ವಕೀಲರು ಸಾಕ್ಷಿಯ ಬಾಯಿಂದ ಹೊರಡಿಸಿದ್ದ ಉತ್ತರಗಳು.

ಇನ್ನು ಹೊಟ್ಟೆಪಾಡು. ವಕೀಲರ ಮಕ್ಕಳಿಗೆ ನಮಗಿಂತ ಹೆಚ್ಚಾಗಿ ದೊರೆಯುವುದು ಜಾಣತನವಲ್ಲ, ಕಾಯುವ ಅವಕಾಶ. ಅವರಿಗೆ ಕಚೇರಿ ಇರುತ್ತದೆ, ಪುಸ್ತಕಗಳಿರುತ್ತವೆ, ಅಪ್ಪನ ಕಾಲದ ಗುಮಾಸ್ತ ಇರುತ್ತಾನೆ, ಅಜ್ಜನ ಕಾಲದ ಭಾಗದ ದಾವೆ ಇನ್ನೂ ನಡೆಯುತ್ತಿರುತ್ತದೆ. ನಾನು ಮೊದಲು ಸೇರಿದ ಹಿರಿಯ ವಕೀಲರ ಕಚೇರಿಯಲ್ಲಿ ಹದಿನಾಲ್ಕು ತಿಂಗಳು ಕೆಲಸ ಮಾಡಿದ್ದಕ್ಕೆ ಸಂಬಳವೆಂಬುದು ಒಂದು ರೂಪಾಯಿಯೂ ಬರಲಿಲ್ಲ. ಹಬ್ಬಕ್ಕೆ ಒಂದು ಪ್ಯಾಂಟು ಬಟ್ಟೆ ಕೊಟ್ಟರು. ವಾಯಿದೆ ಪಡೆಯುವುದು, ಪ್ರಕರಣ ಕರೆದಾಗ ಹಿರಿಯರು ಬೇರೆ ನ್ಯಾಯಾಲಯದಲ್ಲಿದ್ದರೆ ಪಾಸ್ ಓವರ್ (ಸ್ವಲ್ಪ ಹೊತ್ತು ಬಿಟ್ಟು ಕರೆಯುವಂತೆ) ಕೇಳುವುದು, ನಕಲು ಅರ್ಜಿ ಹಾಕುವುದು, ಸಂಜೆ ಡೈರಿ ಬರೆಯುವುದು ಇವೇ ನನ್ನ ಕೆಲಸಗಳು. ಕಲಿತದ್ದು ಬಹಳ, ಆದರೆ ಮನೆ ನಡೆದದ್ದು ನನ್ನ ಹೆಂಡತಿಯ ಶಿಕ್ಷಕಿ ಸಂಬಳದಿಂದ. ಆ ಸಂಬಳ ಇಲ್ಲದಿದ್ದರೆ ನಾನು ಮಂಡಿಗೇ ಹಿಂದಿರುಗುತ್ತಿದ್ದೆ; ನನ್ನ ಜೊತೆ ನೋಂದಾಯಿಸಿಕೊಂಡವರಲ್ಲಿ ನನಗಿಂತ ಚುರುಕಾಗಿದ್ದ ಇಬ್ಬರು ಹಾಗೆಯೇ ಬೇರೆ ಕೆಲಸಗಳಿಗೆ ಹೋದರು.

ಈಗ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ. ನೋಂದಣಿಗೆ ಹಿಂದೆ ಹಲವು ಸಾವಿರ ತೆರಬೇಕಾಗಿತ್ತು. ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2024ರ ಜುಲೈನಲ್ಲಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಶಿಫಾರಸು ಮಾಡಿದೆ. ಶಿಫಾರಸು ಮಾತ್ರ ಎಂಬುದನ್ನು ನೆನಪಿಡಿ. ತಾಲ್ಲೂಕು ಕೇಂದ್ರದಲ್ಲಿ ಎಷ್ಟೋ ಹಿರಿಯರ ಸ್ವಂತ ಸಂಪಾದನೆಯೇ ಕೆಲವು ತಿಂಗಳು ಅಷ್ಟಿರುವುದಿಲ್ಲ. ನೋಂದಾಯಿಸಿಕೊಂಡ ಮೇಲೆ ಪೂರ್ಣಾವಧಿ ಸಂಬಳದ ಉದ್ಯೋಗದಲ್ಲಿ ಇರುವಂತಿಲ್ಲವಾದ್ದರಿಂದ ಹಳೆಯ ಕಚೇರಿಯ ಸಂಬಳವನ್ನೂ ನೆಚ್ಚಿಕೊಳ್ಳುವಂತಿಲ್ಲ. ಕನಿಷ್ಠ ಎರಡು ವರ್ಷದ ಮನೆಖರ್ಚು ಕೈಯಲ್ಲಿಟ್ಟುಕೊಂಡು ಬನ್ನಿ ಎಂದು ಯಾರೂ ಹೇಳುವುದಿಲ್ಲ, ನಾನು ಹೇಳುತ್ತಿದ್ದೇನೆ.

ಮುಂದಿನ ದಾರಿಗಳ ಬಗ್ಗೆಯೂ ಕೇಳಿದ್ದೀರಿ. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಓದು ಮುಗಿದ ಕೂಡಲೇ ಪರೀಕ್ಷೆ ಬರೆಯುವ ಅವಕಾಶವನ್ನು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಮುಚ್ಚಿ, ಮೂರು ವರ್ಷದ ವಕೀಲಿಕೆ ಬೇಕೆಂದಿತು. ಅನುಭವವಿಲ್ಲದ ನ್ಯಾಯಾಧೀಶರ ಮುಂದೆ ನಿಂತು ಗೊತ್ತಿರುವ ನನಗೆ ಅದು ಸರಿಯೆಂದೇ ತೋರುತ್ತದೆ. ಏಳು ವರ್ಷ ಪೂರೈಸಿದವರು ನೇರವಾಗಿ ಜಿಲ್ಲಾ ನ್ಯಾಯಾಧೀಶರ ಪರೀಕ್ಷೆ ಬರೆಯಬಹುದು. ಸರ್ಕಾರಿ ಅಭಿಯೋಜಕರಾಗುವ ದಾರಿ ಬೇರೆ. ಅಪರಾಧ ಪ್ರಕರಣಗಳಲ್ಲಿ ಆಸಕ್ತಿಯಿರುವ, ಮನೆಯ ಬೆಂಬಲವಿಲ್ಲದ ಹೊಸಬರಿಗೆ ನಾನು ಇತ್ತೀಚೆಗೆ ಸೂಚಿಸುವುದು ಕಾನೂನು ಸೇವಾ ಪ್ರಾಧಿಕಾರದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆಯನ್ನು. 2022ರ ಯೋಜನೆಯಂತೆ ಅಲ್ಲಿ ಮುಖ್ಯ, ಉಪ ಮತ್ತು ಸಹಾಯಕ ವಕೀಲರನ್ನು ಪೂರ್ಣಾವಧಿಗೆ ಗೌರವಧನ ಕೊಟ್ಟು ನೇಮಿಸಿಕೊಳ್ಳುತ್ತಾರೆ. ಖಾಸಗಿ ಪ್ರಕರಣ ಹಿಡಿಯುವಂತಿಲ್ಲ, ಆದರೆ ಬೇರೆಡೆ ಹತ್ತು ವರ್ಷ ಕಾದರೂ ಸಿಗದಷ್ಟು ಸೆಷನ್ಸ್ (ಗಂಭೀರ ಅಪರಾಧಗಳ) ವಿಚಾರಣೆ ಅಲ್ಲಿ ಬೇಗ ಕಣ್ಣಿಗೆ ಬೀಳುತ್ತದೆ. ನೋಟರಿಯಾಗುವುದು ಹತ್ತು ವರ್ಷದ ನಂತರದ ಮಾತು. ಮಹಿಳೆಯರಿಗೆ, ಪರಿಶಿಷ್ಟ ಹಾಗೂ ಹಿಂದುಳಿದ ವರ್ಗದವರಿಗೆ ಏಳು ವರ್ಷ.

ನಮ್ಮ ಸಂಘದ ಹಿರಿಯರು ಹೊಸಬರನ್ನು ಹುರಿದುಂಬಿಸಲು ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದ ನಿಜಲಿಂಗಪ್ಪನವರನ್ನೂ ತೀರ್ಥಹಳ್ಳಿಯ ಕಡಿದಾಳ್ ಮಂಜಪ್ಪನವರನ್ನೂ ಜಮಖಂಡಿಯ ಬಿ.ಡಿ. ಜತ್ತಿಯವರನ್ನೂ ನೆನೆಯುವುದುಂಟು. ಮೂವರೂ ಮುಖ್ಯಮಂತ್ರಿಗಳಾದರು, ಜತ್ತಿಯವರು ಉಪರಾಷ್ಟ್ರಪತಿಯೂ ಆದರು. ಆದರೆ ಅವರೆಲ್ಲ ನ್ಯಾಯಾಲಯ ಬಿಟ್ಟು ಹೋಗಿ ದೊಡ್ಡವರಾದವರು. ಇಲ್ಲೇ ಉಳಿದು ನಲವತ್ತು ವರ್ಷ ಸಾಕ್ಷಿಗಳನ್ನು ಪ್ರಶ್ನಿಸಿದವರ ಕೆಲಸ ಅಭಿಲೇಖಾಲಯದ ಕಟ್ಟುಗಳಲ್ಲಿ ಇರುತ್ತದೆ, ಅವಧಿ ಮುಗಿದ ಮೇಲೆ ಆ ಕಟ್ಟುಗಳನ್ನೂ ನಾಶಪಡಿಸುತ್ತಾರೆ. ನೀವು ಕೇಳಿದ್ದು ಅಂಥವರ ವೃತ್ತಿಜೀವನದ ಬಗ್ಗೆ ಎಂದು ಭಾವಿಸಿ ಉತ್ತರಿಸಿದ್ದೇನೆ.

ಮುಂದಿನ ರಜೆಯಲ್ಲಿ ಒಂದು ಕೆಲಸ ಮಾಡಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಊರಿನ ನ್ಯಾಯಾಲಯದ ಪ್ರಕರಣಗಳ ಪಟ್ಟಿ ತೆರೆದು, ಸಾಕ್ಷ್ಯದ ಹಂತದಲ್ಲಿರುವ ಚೆಕ್ ಪ್ರಕರಣಗಳು ಯಾವ ಸಭಾಂಗಣದಲ್ಲಿವೆ ಎಂದು ನೋಡಿಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ತೆರೆದ ನ್ಯಾಯಾಲಯ, ಯಾರ ಅನುಮತಿಯೂ ಬೇಕಿಲ್ಲ. ಮೊದಲ ಒಂದು ಗಂಟೆ ವಾಯಿದೆ ಕೊಡುವುದರಲ್ಲೇ ಕಳೆಯುತ್ತದೆ, ಎದ್ದು ಬರಬೇಡಿ. ಫಿರ್ಯಾದಿ ಕಟಕಟೆ ಹತ್ತಿದಾಗ, ಅವರ ಲೆಕ್ಕಪತ್ರದಲ್ಲಿ ನೀವಾಗಿದ್ದರೆ ಯಾವ ಪುಟ ತರಿಸುತ್ತಿದ್ದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತ ಬನ್ನಿ.